ಮಾತ್ರೆ ಬಿಟ್ಟು

ಜೂನ್ ೪

ಪ್ರೀತಿಯ ಬನ್ನು,

ಈ ಕಾಗದ ನೋಡಿ ಗಾಬರಿಯಾಗಬೇಡ. ಯಾರೂ ಸತ್ತಿಲ್ಲ, ಫೋನೂ ಕೆಟ್ಟಿಲ್ಲ. ನಮ್ಮ ಮನೆಯ ಗೋಡೆಗಳಿಗೆ ಕಿವಿ ಬಂದಿದೆ, ಅಷ್ಟೆ. ಮುಂದಿನ ಕೋಣೆಯಲ್ಲಿರುವ ನನ್ನ ಹೊಲಿಗೆ ಅಂಗಡಿಯಲ್ಲಿ ಕೂತು ಫೋನೆತ್ತಿದರೆ ಸಾಕು, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತುಹೋಗುತ್ತದೆ. ಅದಕ್ಕೇ ನಮ್ಮ ಹಳೇ ಚಾಳಿಗೆ ಮರಳಿದ್ದೇನೆ. ಶಾಲೆ ಮುಗಿದ ಮೇಲೆ ನೀನು ನಿಮ್ಮಪ್ಪನ ಬೇಕರಿ ಸೇರಿದೆ, ನಾನು ಹೊಲಿಗೆ ಕಲಿಯಲು ಬೇರೆ ಊರಿಗೆ ಹೋದೆ. ಎಷ್ಟು ವರ್ಷ ಕಾಗದ ಬರೆದುಕೊಂಡೆವು! ನನ್ನ ಮಗ ನಿನ್ನ ಮಗಳನ್ನು ಮದುವೆಯಾಗಿ ನಾವಿಬ್ಬರೂ ಬೀಗಿತ್ತಿಯರಾದದ್ದೇ ತಡ, ‘ನೀವು ಬನ್ನಿ, ತಾವು ಕೂತ್ಕೊಳ್ಳಿ’ ಶುರುವಾಯಿತು. ಇಲ್ಲಿ ಮಾತ್ರ ನಾನು ಸೂಜಿ, ನೀನು ಬನ್ನು. ಇಲ್ಲದಿದ್ದರೆ ಈ ವಿಷಯ ಬರೆಯಲಾರೆ.

ವಿಷಯ ಇಷ್ಟು. ನನಗೆ ಸಕ್ಕರೆ ಕಾಯಿಲೆ ಇರುವುದು ನಿನಗೆ ಗೊತ್ತೇ ಇದೆ. ಇಷ್ಟು ದಿನ ಅದು ಅದರ ಪಾಡಿಗೆ, ನಾನು ನನ್ನ ಪಾಡಿಗೆ ಇದ್ದೆವು. ಈಚೆಗೆ ಬೆಳಗಿನ ಗಂಜಿ ಕುಡಿದು ಸ್ವಲ್ಪ ಹೊತ್ತಿಗೆ ಮೈ ತಣ್ಣಗೆ ಬೆವರುತ್ತದೆ. ಕೈ ನಡುಗುತ್ತದೆ. ಸೂಜಿಗೆ ದಾರ ಪೋಣಿಸಲಾಗದೆ ಗಿರಾಕಿಗಳ ಎದುರು ನಾಚಿಕೆಪಟ್ಟಿದ್ದೇನೆ. ಮೊನ್ನೆ ಒಬ್ಬರ ಕೋಟಿಗೆ ಎಡಗಡೆಯ ತೋಳನ್ನು ಬಲಗಡೆ ಕೂರಿಸಿಬಿಟ್ಟಿದ್ದೆ.

ಇನ್ನೊಂದು ಮಾತು. ಗಂಜಿಗೆ ಈಗ ಕಾಳುಮೆಣಸು ಬೀಳುತ್ತದೆ, ಆದರೂ ಕಹಿಯಾಗಿರುತ್ತದೆ. ಮೊನ್ನೆ ನೀರಿಗೆಂದು ಒಳಗೆ ಹೋದಾಗ ನಿನ್ನ ಮಗಳು ಚಮಚದ ಹಿಂಬದಿಯಿಂದ ಏನನ್ನೋ ಅರೆಯುತ್ತಿದ್ದಳು. ನನ್ನನ್ನು ನೋಡಿದ ಕೂಡಲೇ ಅದರ ಮೇಲೆ ತಟ್ಟೆ ಮುಚ್ಚಿದಳು. “ಏನೇ ಅದು?” ಅಂದೆ. “ಕಾಳುಮೆಣಸು ಅತ್ತೆ” ಅಂದಳು. ಕಾಳುಮೆಣಸು ಬೆಳ್ಳಗಿರುತ್ತದೆಯೇ? ತಿಂಡಿ ಕಪಾಟಿಗೆ ಆಗಲೇ ಬೀಗ ಬಿದ್ದಿದೆ, ನಾನು ಬಿಸ್ಕತ್ತು ಕದಿಯುತ್ತೇನಂತೆ. ಬೀಗರ ಮನೆಯಿಂದ ಬಂದವಳು ಬೀಗ ಹಾಕದೆ ಇನ್ನೇನು ಮಾಡುತ್ತಾಳೆ ಅಂತ ನಕ್ಕು ಸುಮ್ಮನಾಗಿದ್ದೆ. ಈಗ ನಗು ಬರುತ್ತಿಲ್ಲ. ಮಗ ಬೇರೆ, “ಅಮ್ಮ, ಸಾಕು ಈ ಹೊಲಿಗೆ. ಮುಂದಿನ ಕೋಣೆ ಖಾಲಿ ಮಾಡಿದ್ರೆ ಅಲ್ಲೇ ಅವಳು ಕನ್ನಡಕದ ಅಂಗಡಿ ಇಟ್ಕೋಬಹುದು” ಅನ್ನುತ್ತಿದ್ದಾನೆ. ಬೇರೆಯವರ ಕನ್ನಡಕದ ಅಂಗಡಿಯಲ್ಲಿ ದುಡಿದು ಅವಳಿಗೆ ಸಾಕಾಗಿದೆಯಂತೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಬನ್ನು. ನನ್ನ ಗಂಜಿಗೆ ಏನೋ ಬೀಳುತ್ತಿದೆ. ಮಗಳನ್ನು ತಾಯಿಯ ಹತ್ತಿರವೇ ದೂರುತ್ತಿದ್ದೇನೆ, ಗೊತ್ತು. ಆದರೆ ನನಗೆ ಇನ್ಯಾರಿದ್ದಾರೆ ಹೇಳು. ಉತ್ತರವನ್ನು ಮನೆಗೆ ಹಾಕಬೇಡ. ಎದುರಿನ ಗುಂಡಿ-ದಾರದ ಅಂಗಡಿಯವಳ ವಿಳಾಸಕ್ಕೆ ಹಾಕು, ಅವಳು ನಂಬಿಕಸ್ಥೆ.

ಇಂತಿ ನಿನ್ನ,
ಸೂಜಿ


ಜೂನ್ ೧೧

ಸೂಜಿ,

ನಿನ್ನ ಕಾಗದ ಬಂದಾಗ ಬ್ರೆಡ್ಡು ಒಲೆಯಲ್ಲಿತ್ತು. ಓದಿ ಮುಗಿಸುವಷ್ಟರಲ್ಲಿ ಒಂದು ತಟ್ಟೆ ಪೂರ್ತಿ ಕರಿಯಾಯಿತು. ಕೆಲಸದವಳು, “ಅಮ್ಮ, ಯಾರಾದ್ರೂ ತೀರ್ಕೊಂಡ್ರಾ?” ಅಂದಳು. ಇಲ್ಲ, ನನ್ನ ಮಗಳು ಕೊಲೆಗಾತಿ ಆಗಿದ್ದಾಳೆ ಅಂತ ಹೇಳಲೇ?

ಸಿಟ್ಟು ಬಂತು ಕಣೇ. ನಾಲ್ಕು ದಿನ ಬಿಟ್ಟು ಬರೆಯುತ್ತಿರುವುದೂ ಅದಕ್ಕೇ. ನನ್ನ ಮರಿ ಜಿರಲೆ ಹೊಡೆಯುವಾಗಲೂ ಕಣ್ಣು ಮುಚ್ಚಿಕೊಳ್ಳುವವಳು. ನಿನಗೆ ಚಿಕ್ಕಂದಿನಿಂದಲೂ ಅನುಮಾನ ಜಾಸ್ತಿ. ಶಾಲೆಯಲ್ಲಿ ನಾನು ನಿನ್ನ ಪೆನ್ಸಿಲ್ ಚೂಪು ಮಾಡಿಕೊಟ್ಟರೆ, ಅದು ಅಷ್ಟು ಗಿಡ್ಡವಾದದ್ದು ಹೇಗೆ ಅಂತ ಅಳೆದು ನೋಡಿದವಳು ನೀನು.

ಅಡುಗೆಮನೆ ಅಂದ ಮೇಲೆ ಅಲ್ಲಿ ಏನಾದರೂ ಕುಟ್ಟುತ್ತಾರೆ, ಅರೆಯುತ್ತಾರೆ. ಅದಕ್ಕೆಲ್ಲ ಲೆಕ್ಕ ಕೇಳಬೇಡ. ಅದಿರಲಿ, ನೀನು ನನಗೆ ಎಲ್ಲವನ್ನೂ ಹೇಳಿದ್ದೀಯಾ? ತಿನ್ನಬಾರದ್ದನ್ನು ಏನಾದರೂ ತಿನ್ನುತ್ತಿದ್ದೀಯಾ? ತಿನ್ನಬೇಕಾದ್ದನ್ನು ತಪ್ಪದೆ ತಿನ್ನುತ್ತಿದ್ದೀಯಾ? ಎದೆ ಮುಟ್ಟಿಕೊಂಡು ಬರೆ.

ನಿನ್ನ,
ಬನ್ನು


ಜೂನ್ ೧೯

ಬನ್ನು,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಅರೆದ ಬಿಳಿ ಪುಡಿ ಏನು ಅಂತ ನಾನು ಕೇಳಿದರೆ ನೀನು ಪೆನ್ಸಿಲ್ ಕಥೆ ಹೇಳಿದ್ದೀಯ. ಬೇಕರಿಯವಳಾಗಿ ಚೆನ್ನಾಗಿ ನಾದುವುದನ್ನು ಕಲಿತಿದ್ದೀಯ. ಆದರೂ ನೀನು ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ, ಯಾಕೆಂದರೆ ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿಲ್ಲ. ಇದು ನಿನ್ನ ಮಗಳಿಗೂ ನನ್ನ ಮಗನಿಗೂ ಗೊತ್ತಾಗಕೂಡದು.

ನಾನು ಚೂರ್ಣ ತೆಗೆದುಕೊಳ್ಳುತ್ತಿದ್ದೇನೆ. ಗುಂಡಿ ಅಂಗಡಿಯವಳು ತನ್ನ ಅಕ್ಕನಿಗೆ ಗುಣವಾಯಿತೆಂದು ಒಬ್ಬ ಆಯುರ್ವೇದ ಪಂಡಿತರ ಹತ್ತಿರ ಕರೆದುಕೊಂಡು ಹೋದಳು. ಬಸ್ ಡಿಪೋ ಹಿಂದಿನ ಓಣಿಯಲ್ಲಿ ಮಹಡಿಯ ಮೇಲೊಂದು ಕೋಣೆ. ಮೆಟ್ಟಿಲು ಹತ್ತುವಾಗ ಇದೂ ಒಂದು ಮೋಸದ ಅಂಗಡಿಯೇ ಅಂದುಕೊಂಡಿದ್ದೆ. ಪಂಡಿತರು ನಾಡಿ ಹಿಡಿದರು, ಕಣ್ಣಿನ ಕೆಳಗೆ ಎಳೆದು ನೋಡಿದರು, ಪಾದ ತಿರುಗಿಸಿ ನೋಡಿದರು. ನನ್ನ ಡಾಕ್ಟರು ಒಂದು ದಿನವೂ ಪಾದ ನೋಡಿದವರಲ್ಲ, ಕಂಪ್ಯೂಟರನ್ನೇ ನೋಡುತ್ತಾರೆ. ಆಮೇಲೆ ಒಂದು ಕಹಿ ಎಲೆ ಅಗಿಯಲು ಕೊಟ್ಟು, ಅದರ ಮೇಲೆ ಚಿಟಿಕೆ ಸಕ್ಕರೆ ಕೊಟ್ಟರು. ಬನ್ನು, ಸಕ್ಕರೆಗೆ ರುಚಿಯೇ ಇರಲಿಲ್ಲ! ನಾಲಿಗೆಯ ಮೇಲೆ ಮರಳು ಇಟ್ಟ ಹಾಗಿತ್ತು. “ಈ ಎಲೆ ನನ್ನ ಚೂರ್ಣದಲ್ಲೂ ಇದೆ ತಾಯಿ” ಅಂದರು. ನಿನ್ನ ಬೇಕರಿಯ ಬಾಗಿಲಲ್ಲಿ ಈ ಎಲೆ ಹಂಚಿದರೆ ನಿನ್ನ ವ್ಯಾಪಾರ ಮುಗಿಯಿತು.

ನಾನು ಕಣ್ಣುಮುಚ್ಚಿ ನಂಬಿದವಳಲ್ಲ. ಅವರು ಹೇಳಿದ್ದನ್ನೆಲ್ಲ ಅಳತೆ ಹಿಡಿದ ಹಾಗೆ ಪಾಲಿಸುತ್ತಿದ್ದೇನೆ. ಮಾತ್ರೆ ಬಿಟ್ಟು ಚೂರ್ಣ, ಬೆಳಿಗ್ಗೆ ಸಂಜೆ ನಡಿಗೆ, ಕರಿದದ್ದು ಮುಟ್ಟುವ ಹಾಗಿಲ್ಲ. ಶುರುವಿನಲ್ಲಿ ಮೈ ಹಗುರಾಗಿತ್ತು. ನಡುಕ ಬಂದದ್ದು ಆಮೇಲೆ, ಗಂಜಿ ಕಹಿಯಾದ ಮೇಲೆ. ಆದ್ದರಿಂದ ತಪ್ಪು ಚೂರ್ಣದ್ದಲ್ಲ. ಇದನ್ನು ಡಾಕ್ಟರಿಗೆ ಹೇಳಿಲ್ಲ, ಹೇಳಿದರೆ ಅವರು ಕುಣಿದಾಡಿಬಿಡುತ್ತಾರೆ.

ಈಗ ನೀನು ಎದೆ ಮುಟ್ಟಿಕೊಂಡು ಬರೆ. ಅದು ಏನು ಪುಡಿ?

ಸೂಜಿ


ಜೂನ್ ೨೭

ಸೂಜಿ,

ಚೂರ್ಣದ ವಿಷಯ ಯಾರಿಗೂ ಹೇಳುವುದಿಲ್ಲ. ಆದರೆ ನನ್ನ ಮಾತು ಕೇಳು, ಇಷ್ಟೊಂದು ವರ್ಷಗಳ ಸ್ನೇಹದ ಮೇಲೆ ಕೇಳುತ್ತಿದ್ದೇನೆ. ಹೀಗೆ ಮಾತ್ರೆ ಬಿಟ್ಟು ಚೂರ್ಣ ತೆಗೆದುಕೊಳ್ಳುವುದು ಒಳ್ಳೆಯದಲ್ಲ. ತೆಗೆದುಕೊಳ್ಳಲೇಬೇಕೆಂದಿದ್ದರೆ ಎರಡನ್ನೂ ಜೊತೆಗೇ ತೆಗೆದುಕೋ. ಪಂಡಿತರು ಏನಾದರೂ ಹೇಳಲಿ.

ನಿನಗೆ ನಮ್ಮ ಮನೆಯವರ ಕಾಲು ನೆನಪಿದೆಯಲ್ಲ. ಚಪ್ಪಲಿ ಕಚ್ಚಿ ಆದ ಒಂದು ಗುಳ್ಳೆಯಿಂದ ಶುರುವಾಯಿತು. ಆಗ ಅವರೂ ಯಾರದೋ ಮಾತು ಕೇಳಿ ಡಾಕ್ಟರು ಕೊಟ್ಟ ಸಕ್ಕರೆ ಕಾಯಿಲೆಯ ಮಾತ್ರೆ ಮೂಲೆಗೆಸೆದಿದ್ದರು. ಮೊದಲು ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಅವರೇ ಹೋದರು. ಡ್ರೆಸ್ಸಿಂಗ್ ಬಿಚ್ಚುವಾಗ ಬಟ್ಟಲು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದವಳು ಮರಿ. ಆಗ ಅವಳಿನ್ನೂ ಶಾಲೆಗೆ ಹೋಗುತ್ತಿದ್ದಳು. ಆ ವಾಸನೆ ಅವಳಿಗೆ ಈಗಲೂ ಕನಸಿನಲ್ಲಿ ಬರುತ್ತದೆ ಅನ್ನುತ್ತಾಳೆ.

ಪುಡಿಯ ವಿಷಯ ನನಗೇನು ಗೊತ್ತು? ನಾನು ಅಲ್ಲಿದ್ದೇನೆಯೇ?

ಬನ್ನು


ಜುಲೈ ೫

ಬನ್ನು,

ನಿನಗೆ ಏನೂ ಗೊತ್ತಿಲ್ಲ ಅನ್ನುವುದನ್ನು ನೀನು ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದೀಯೆಂದರೆ ನನಗೆ ಅನುಮಾನ ಇನ್ನೂ ಹೆಚ್ಚಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ನಿಮ್ಮ ಮನೆಯವರನ್ನು ನಾನು ಮರೆತಿಲ್ಲ. ಆದರೆ ನೀನು ಹಿಟ್ಟು ಕಲಸುವವಳು, ನಿನಗೆ ಎಲ್ಲವನ್ನೂ ಒಟ್ಟಿಗೆ ಕಲಸುವುದೇ ಅಭ್ಯಾಸ. ಜೊತೆಗೇ ತೆಗೆದುಕೊಳ್ಳಕೂಡದು ಅಂತ ತಾನೇ ಪಂಡಿತರು ಒತ್ತಿ ಒತ್ತಿ ಹೇಳಿದ್ದು! “ಬಿಟ್ಟೇ ತಗೋಬೇಕು ತಾಯಿ” ಅಂದಿದ್ದಾರೆ. ಒಂದು ದಿನವೂ ತಪ್ಪದೆ ಬಿಟ್ಟೇ ತೆಗೆದುಕೊಳ್ಳುತ್ತಿದ್ದೇನೆ. ಈ ವಿಷಯದಲ್ಲಿ ನನಗೆ ಯಾರ ಬುದ್ಧಿವಾದವೂ ಬೇಡ.

ಈಗ ನಾನು ಮಾಡಿದ ಪರೀಕ್ಷೆ ಕೇಳು. ಸೋಮವಾರ ಗಂಜಿಯನ್ನು ಬಚ್ಚಲಿಗೆ ಚೆಲ್ಲಿ ಬೀದಿ ಕೊನೆಯ ಅಂಗಡಿಯಿಂದ ಬ್ರೆಡ್ಡು ತರಿಸಿ ತಿಂದೆ. ಅದು ನಿನ್ನ ಬ್ರೆಡ್ಡಿನ ಕಾಲ ಧೂಳಿಗೂ ಸಮವಿಲ್ಲ. ಆದರೆ ನಡುಕ ಬರಲಿಲ್ಲ. ಮಂಗಳವಾರ ಗಂಜಿ ಕುಡಿದೆ, ನಡುಗಿದೆ. ಬುಧವಾರ ಚೆಲ್ಲಿದೆ, ನಡುಗಲಿಲ್ಲ. ಇನ್ನೇನು ಬೇಕು ಸಾಕ್ಷಿ? ಗುರುವಾರದಿಂದ ನಿನ್ನ ಮಗಳು ನನ್ನ ಬಟ್ಟಲು ಖಾಲಿಯಾಗುವವರೆಗೂ ಎದುರೇ ನಿಂತಿರುತ್ತಾಳೆ. ಕೆಲಸಕ್ಕೆ ತಡವಾದರೂ ಕದಲುವುದಿಲ್ಲ. “ಪೂರ್ತಿ ಕುಡೀರಿ ಅತ್ತೆ, ತಳದಲ್ಲಿ ಬಿಡ್ಬೇಡಿ” ಅನ್ನುತ್ತಾಳೆ. ಅದನ್ನು ಹೇಳುವಾಗ ಅವಳ ಕಣ್ಣಲ್ಲಿ ನೀರಿರುತ್ತದೆ. ಅಳುತ್ತ ವಿಷ ಹಾಕುವವರನ್ನು ನಾನು ಕಂಡೇ ಇರಲಿಲ್ಲ.

ನನಗೆ ಭಯವಾಗುತ್ತಿದೆ ಬನ್ನು. ನಾನು ಹೊಲಿದ ಅಂಗಿ ತೊಟ್ಟು ಬೆಳೆದ ಮಗನ ಮನೆಯಲ್ಲಿ ಒಂದು ಬಟ್ಟಲು ಗಂಜಿಗೆ ಹೆದರುತ್ತಿದ್ದೇನೆ.

ಸೂಜಿ


ಜುಲೈ ೧೩

ಸೂಜಿ,

ಶಾಲೆಗಳ ಆರ್ಡರು ತಲೆಯ ಮೇಲಿದೆ, ಹೆಚ್ಚು ಬರೆಯಲು ಬಿಡುವಿಲ್ಲ. ಇದು ಮುಗಿದ ಕೂಡಲೇ ಬಸ್ಸು ಹತ್ತಿ ಬರುತ್ತೇನೆ, ಕೂತು ಮಾತಾಡೋಣ. ಅಲ್ಲಿಯವರೆಗೆ ಯಾರಿಗೂ ಏನೂ ಅನ್ನಬೇಡ. ನನ್ನ ಮಗಳು ನಿನಗೆ ಕೆಟ್ಟದ್ದು ಬಯಸುವವಳಲ್ಲ ಅನ್ನುವುದಷ್ಟನ್ನು ನಂಬು.

ಇನ್ನೊಂದು ಮಾತು. ಗಂಜಿ ಮಾತ್ರ ಚೆಲ್ಲಬೇಡ. ಯಾಕೆ ಅಂತ ಕೇಳಬೇಡ.

ಬನ್ನು


ಆಗಸ್ಟ್ ೨

ಬೀಗಿತ್ತಿಯವರಿಗೆ,

ತಾವು ಆಸ್ಪತ್ರೆಗೆ ಬಂದಿದ್ದಿರಿ. ವಾರ್ಡಿನ ಬಾಗಿಲಲ್ಲಿ ಬ್ರೆಡ್ಡಿನ ಪೊಟ್ಟಣ ಹಿಡಿದು ನಿಂತಿದ್ದನ್ನು ನೋಡಿದೆ. ಗೋಡೆಯ ಕಡೆ ತಿರುಗಿಕೊಂಡದ್ದು ನಿದ್ದೆಯಿಂದಲ್ಲ. ಅದು ತಮಗೆ ತಿಳಿದಿರಲಿ ಎಂದೇ ಬರೆಯುತ್ತಿದ್ದೇನೆ.

ಏನಾಯಿತೆಂಬುದನ್ನು ತಮ್ಮ ಮಗಳು ಅವಳ ಕಡೆಯಿಂದ ಹೇಳಿರುತ್ತಾಳೆ. ನನ್ನ ಕಡೆಯದನ್ನೂ ಕೇಳಿ. ಒಂದು ಪರದೆ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದೆ. ಬೆವರು ಬಂತು, ಕಣ್ಣು ಮಂಜಾಯಿತು, ಆಮೇಲೇನೂ ನೆನಪಿಲ್ಲ. ಬಟ್ಟೆ ಸುಟ್ಟ ವಾಸನೆ ಬಂದು ಗುಂಡಿ ಅಂಗಡಿಯವಳು ಓಡಿಬಂದಳಂತೆ. ಅವಳು ಬರದಿದ್ದರೆ ಅಂಗಡಿಯೂ ಹೋಗುತ್ತಿತ್ತು, ನಾನೂ ಹೋಗುತ್ತಿದ್ದೆ. ಎಚ್ಚರವಾದಾಗ ಕೈಗೆ ಗ್ಲೂಕೋಸು ಇಳಿಯುತ್ತಿತ್ತು. ಸಕ್ಕರೆ ಬೇಡ ಬೇಡ ಅಂತ ಬೀಗ ಹಾಕಿದವರೇ ಈಗ ಬಾಟಲಿಗಟ್ಟಲೆ ಸಕ್ಕರೆ ಹತ್ತಿಸುತ್ತಿದ್ದರು.

ಡಾಕ್ಟರು ಕೇಳಿದರು, “ರಕ್ತದಲ್ಲಿ ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಬರೀ ನನ್ನ ಮಾತ್ರೆಗೆ ಇಷ್ಟು ಇಳಿಯಲ್ಲ. ಬೇರೇನು ತಗೊಂಡ್ರಿ?” ನಾನು ಕಣ್ಣು ಮುಚ್ಚಿಕೊಂಡೆ. ಆಗ ತಮ್ಮ ಮಗಳು ಮಂಚದ ಕಂಬಿ ಹಿಡಿದು ಅಳಲು ಶುರುಮಾಡಿದಳು. “ನಾನೇ ಹಾಕ್ತಿದ್ದೆ ಡಾಕ್ಟ್ರೇ. ಬೆಳಿಗ್ಗೆ ಗಂಜೀಲಿ, ರಾತ್ರಿ ಪಲ್ಯದಲ್ಲಿ. ಅವರದೇ ಮಾತ್ರೆ, ಪುಡಿ ಮಾಡಿ. ಅವರು ಮಾತ್ರೆ ಬಿಟ್ಬಿಟ್ಟಿದ್ರು, ನಮ್ಮಪ್ಪನ ಹಾಗೆ ಆಗ್ಬಾರ್ದು ಅಂತ...”

ನಾನು ಎದ್ದು ಕೂತೆ. “ನಾನು ಮಾತ್ರೆ ನಿಲ್ಸಿದೀನಿ ಅಂತ ನಿಂಗೆ ಹೇಳಿದ್ದು ಯಾರೇ?”

“ನೀವೇ ಅತ್ತೆ! ಗುಂಡಿ ಅಂಗಡಿಯವರ ಹತ್ರ ಫೋನಲ್ಲಿ ಹೇಳ್ತಿದ್ರಲ್ಲ, ಮಾತ್ರೆ ಬಿಟ್ಟು ಚೂರ್ಣ ತಗೋತಿದೀನಿ ಅಂತ.”

“ಬಿಟ್ಟು ಅಂದ್ರೆ ನಡುವೆ ಹೊತ್ತು ಬಿಟ್ಟು ಕಣೇ! ಮಾತ್ರೆ ನುಂಗಿ ಒಂದೆರಡು ಗಂಟೆ ಬಿಟ್ಟು ಚೂರ್ಣ! ಅಂಚು ಬಿಟ್ಟು ಹೊಲೀರಿ ಅಂದ್ರೆ ಅಂಚು ಕತ್ತರಿಸಿ ಬಿಸಾಕ್ತಾರೇನೇ?”

ಡಾಕ್ಟರು ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು. ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ನನ್ನ ಮಗ ಮಾತ್ರ ಕುರ್ಚಿಯಲ್ಲಿ ಕುಸಿದು ಕೂತುಬಿಟ್ಟ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗಾಯಿತು. ನಾನು ಮಾತ್ರೆಯನ್ನೂ ನುಂಗುತ್ತಿದ್ದೆ, ಅದರ ಮೇಲೆ ಗಂಜಿಯಲ್ಲಿ ಅದೇ ಮಾತ್ರೆ ಮತ್ತೆ ಬೀಳುತ್ತಿತ್ತು, ಅದರ ಮೇಲೆ ಚೂರ್ಣ. ಚೂರ್ಣವೂ ಸಕ್ಕರೆ ಇಳಿಸುತ್ತದಂತೆ. ಡಾಕ್ಟರು ಹೇಳಿದರು, “ಚೂರ್ಣ ತಗೊಂಡಿದ್ದಕ್ಕೆ ನಾನು ಬೈಯಲ್ಲ. ನನಗೆ ಹೇಳ್ದೆ ತಗೊಂಡಿದ್ದಕ್ಕೆ ಬೈತೀನಿ. ಹೇಳಿದ್ರೆ ಮಾತ್ರೆ ನೋಡಿ ಕಡಿಮೆ ಮಾಡ್ತಿದ್ದೆ, ಇಲ್ಲಾ ಚೂರ್ಣ ಬೇಡ ಅಂತಿದ್ದೆ.”

ಇನ್ನು ತಮಗೆ ಒಂದೇ ಒಂದು ಪ್ರಶ್ನೆ. ಕಹಿ ಮುಚ್ಚಲು ಗಂಜಿಗೆ ಕಾಳುಮೆಣಸು ಹಾಕಬೇಕು ಅನ್ನುವುದು ಕನ್ನಡಕ ಮಾರುವ ಹುಡುಗಿಗೆ ಹೊಳೆಯುವ ಉಪಾಯವೇ? ಯಾರು ಹೇಳಿಕೊಟ್ಟರು ಅಂತ ಕೇಳಿದೆ. ಯಾರೂ ಇಲ್ಲ ಅಂದಳು. ತಾಯಿಯನ್ನು ಬಿಟ್ಟುಕೊಡುವವಳಲ್ಲ. ತಾವು ಹೇಗೋ ನೋಡೋಣ.

ಇಂತು ತಮ್ಮ ವಿಶ್ವಾಸಿ,
ಅಳಿಯನ ತಾಯಿ


ಆಗಸ್ಟ್ ೧೦

ಸೂಜಿ,

ನೀನು ಎಷ್ಟು ಬೇಕಾದರೂ ‘ತಾವು’ ಅನ್ನು. ನಾನು ಅನ್ನುವುದಿಲ್ಲ.

ಹೌದು, ನಾನೇ. ಮರಿ ಏಪ್ರಿಲ್‌ನಲ್ಲಿ ಅಳುತ್ತ ಫೋನ್ ಮಾಡಿದಳು. “ಅಮ್ಮ, ಅತ್ತೆ ಮಾತ್ರೆ ಬಿಟ್ಬಿಟ್ಟಿದಾರೆ, ಕೇಳೋಕೂ ಭಯ ಆಗತ್ತೆ” ಅಂದಳು. ಗುಡಿಸುವಾಗ ನಿನ್ನ ಹೊಲಿಗೆ ಮಿಷನ್ನಿನ ಕೆಳಗೆ ಒಂದು ಮಾತ್ರೆ ಸಿಕ್ಕಿತಂತೆ. ನಿನ್ನ ಕೈಜಾರಿ ಬಿದ್ದದ್ದಿರಬೇಕು, ನೀನು ಎಸೆಯುತ್ತಿದ್ದೀಯ ಅಂತಲೇ ಅವಳಿಗೆ ಖಾತ್ರಿಯಾಯಿತು. ನೇರವಾಗಿ ಕೇಳಿ ಜಗಳವಾದರೆ ಏನಾಗುತ್ತದೆ ಅಂತ ಅವಳಿಗೂ ಗೊತ್ತು, ನನಗೂ ಗೊತ್ತು. ಹಿಂದೊಮ್ಮೆ ಬಿಸ್ಕತ್ತಿನ ವಿಷಯಕ್ಕೆ ನೀನು ಅಂಗಡಿಯ ಚಿಲಕ ಹಾಕಿಕೊಂಡು ಎರಡು ದಿನ ಉಪವಾಸ ಕೂತಿರಲಿಲ್ಲವೇ? ಅದಕ್ಕೇ ನಾನು, ನಿನ್ನ ಔಷಧಿ ಚೀಟಿ ತೋರಿಸಿ ಇನ್ನೊಂದು ಪಟ್ಟಿ ಮಾತ್ರೆ ತಾ, ಅರೆದು ಗಂಜಿಗೆ ಹಾಕು, ಮೆಣಸು ಹಾಕಿದರೆ ಕಹಿ ಗೊತ್ತಾಗುವುದಿಲ್ಲ ಅಂದೆ. ಮೂವತ್ತು ವರ್ಷ ಬೇಕರಿಯಲ್ಲಿ ಒಂದರ ರುಚಿಯನ್ನು ಇನ್ನೊಂದರಿಂದ ಮುಚ್ಚಿದ್ದೇನೆ. ಮನುಷ್ಯರ ಹೊಟ್ಟೆಗೂ ಅದೇ ಸಾಕು ಅಂದುಕೊಂಡೆ.

ನಿನ್ನ ಕಾಗದ ಬಂದಾಗಲಾದರೂ ನನಗೆ ತಿಳಿಯಬೇಕಿತ್ತು. ನೀನೇ ನಿನ್ನ ಕೈಯಾರೆ ಬರೆದಿದ್ದೆ, ‘ಮಾತ್ರೆ ಬಿಟ್ಟು ಚೂರ್ಣ’ ಅಂತ. ನನ್ನ ಅಂಗಡಿಗೆ ಬಂದು ಯಾರಾದರೂ ಮೊಟ್ಟೆ ಬಿಟ್ಟು ಕೇಕ್ ಮಾಡಿಕೊಡಿ ಅಂದರೆ ನಾನು ಮೊಟ್ಟೆ ಹಾಕುವುದಿಲ್ಲ ಕಣೇ. ಒಂದು ಗಂಟೆ ತಡೆದು ಹಾಕುವುದಿಲ್ಲ! ನನ್ನ ಬಾಯಲ್ಲಿ ಆ ಮಾತಿಗೆ ಇರುವುದು ಅದೊಂದೇ ಅರ್ಥ. ಜೊತೆಗೇ ತೆಗೆದುಕೋ ಅಂದೆ. ನೀನು ಸಿಡಿಮಿಡಿಗೊಂಡೆ. ಆಗ ನನಗೆ ಪೂರ್ತಿ ನಂಬಿಕೆಯಾಯಿತು, ಇವಳು ಹಟ ಹಿಡಿದು ಸಾಯುತ್ತಾಳೆ ಅಂತ. ನೀನು ನಡುಗುತ್ತೀಯ ಅಂತ ಓದಿದಾಗ ಅದು ಮಾತ್ರೆ ಸಾಲದೆ ಬರುವ ನಡುಕ ಅಂದುಕೊಂಡು, “ಒಂದು ದಿನಾನೂ ತಪ್ಪಿಸ್ಬೇಡ ಮರಿ, ಎದುರೇ ನಿಂತು ಕುಡಿಸು” ಅಂತ ನಾನೇ ಅವಳಿಗೆ ಹೇಳಿದೆ. ನಿನ್ನನ್ನು ಕೆಡವಿದವಳು ನಾನು. ಅವಳಲ್ಲ.

ಆದರೆ ಇದನ್ನೂ ಹೇಳುತ್ತೇನೆ. ನಿನ್ನ ಪಂಡಿತರ ಹತ್ತಿರ ಮೊನ್ನೆ ಆಸ್ಪತ್ರೆಯಿಂದ ಹೊರಟವಳು ನೇರವಾಗಿ ಹೋದೆ, ಜಗಳಕ್ಕೇ ಹೋದೆ. ಆ ಮನುಷ್ಯ ಹಣೆ ಚಚ್ಚಿಕೊಂಡರು. “ನಿಮ್ಮ ಡಾಕ್ಟರಿಗೆ ತೋರಿಸಿ ಶುರು ಮಾಡಿ ಅಂತ ನಾನು ಹೇಳಿದ್ದೆ ತಾಯಿ. ತೋರಿಸಿದೀನಿ, ಅವರು ಒಪ್ಪಿದ್ರು ಅಂದ್ರು” ಅಂದರು. ತಾನು ಕಳ್ಳ, ಪರರ ನಂಬ. ನೀನು ಚೂರ್ಣ ಮುಚ್ಚಿಟ್ಟೆ. ಮರಿ ಮಾತ್ರೆ ಮುಚ್ಚಿಟ್ಟಳು. ನಾನು ಇಬ್ಬರದನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡು ದೊಡ್ಡವಳೆನಿಸಿಕೊಳ್ಳಲು ಹೋದೆ.

ಬೈಯುವುದಿದ್ದರೆ ನನ್ನನ್ನು ಬೈ. ಮನೆಗೆ ಬರಬೇಡ ಅನ್ನು, ಬರುವುದಿಲ್ಲ. ನನ್ನ ಮಗಳನ್ನು ಮಾತ್ರ ಮನೆಯಿಂದ ಹೊರಗೆ ಹಾಕಬೇಡ.

ಬನ್ನು


ಸೆಪ್ಟೆಂಬರ್ ೧

ಸೂಜಿ,

ಉತ್ತರವಿಲ್ಲ. ಇರಲಿ, ಅದು ನಿನ್ನ ಹಕ್ಕು. ಒಂದೇ ಒಂದು ವಿಷಯ ತಿಳಿಸು. ಮರಿ ಹೇಗಿದ್ದಾಳೆ? ಫೋನ್ ಮಾಡಿದರೆ “ಎಲ್ಲಾ ಸರಿಯಾಗಿದೆ ಅಮ್ಮ” ಅನ್ನುತ್ತಾಳೆ. ಅವಳು ಎಲ್ಲಾ ಸರಿಯಾಗಿದೆ ಅಂದಾಗ ಯಾವುದೂ ಸರಿಯಿರುವುದಿಲ್ಲ. ಅವರಪ್ಪನ ಕಾಲಿನ ಕಾಲಕ್ಕೂ ಅವಳು ಹಾಗೇ ಅನ್ನುತ್ತಿದ್ದಳು.

ಬನ್ನು


ಸೆಪ್ಟೆಂಬರ್ ೯

ಬನ್ನು,

ನಿನ್ನ ಮಗಳು ಇಲ್ಲಿಯೇ ಇದ್ದಾಳೆ. ಹೊರಗೆ ಹಾಕುವಷ್ಟು ಸಿಟ್ಟು ಬಂದದ್ದು ನಿಜ. ಮಗನಿಗೆ ಹೇಳಿಯೂ ಹೇಳಿದ್ದೆ, “ನಾನಿರ್ಬೇಕು, ಇಲ್ಲಾ ಅವಳಿರ್ಬೇಕು” ಅಂತ. ಅವನು, “ಇಬ್ರೂ ಇರಿ, ನಾನೇ ಹೋಗ್ತೀನಿ” ಅಂದ. ಇಬ್ಬರನ್ನೂ ಸಾಕಿ ಅವನಿಗೂ ಸಾಕಾಗಿರಬೇಕು.

ಉತ್ತರ ಬರೆಯದೆ ಇದ್ದದ್ದು ಯಾಕೆಂದು ಹೇಳುತ್ತೇನೆ. ಮನೆಗೆ ಬಂದ ಮೊದಲ ದಿನದಿಂದ ಅವಳು ಹೊಸದೊಂದು ಕ್ರಮ ಹಿಡಿದಿದ್ದಾಳೆ. ನನ್ನ ತಟ್ಟೆ ತಂದು ಇಡುತ್ತಾಳೆ, ಒಳಗೆ ಹೋಗಿ ನೀರು ತಂದು ಪಕ್ಕದಲ್ಲಿ ಕೂರುತ್ತಾಳೆ, ನನ್ನ ತಟ್ಟೆಯಿಂದಲೇ ಮೊದಲ ತುತ್ತು ತಾನು ತಿನ್ನುತ್ತಾಳೆ. ಗಂಜಿಯಾದರೆ ಒಂದು ಚಮಚ. ಬಾಯಲ್ಲೇ ಇಟ್ಟುಕೊಂಡು ನಿಧಾನವಾಗಿ ನುಂಗುತ್ತಾಳೆ. ಆಮೇಲೆ ತಟ್ಟೆಯನ್ನು ನನ್ನ ಕಡೆ ಸರಿಸಿ ಎದ್ದು ಹೋಗುತ್ತಾಳೆ. ನಾನು ಕೇಳಿರಲಿಲ್ಲ. ಬೇಡ ಅಂತಲೂ ಅಂದಿರಲಿಲ್ಲ. ವಿಷವಿಲ್ಲ, ನೋಡಿ ಅಂತ ತೋರಿಸುತ್ತಿದ್ದಾಳೆ, ತನಗೆ ತಾನೇ ಶಿಕ್ಷೆ ಕೊಟ್ಟುಕೊಳ್ಳುತ್ತಿದ್ದಾಳೆ ಅಂದುಕೊಂಡೆ. ನಿಜ ಹೇಳಲೇ? ಅವಳು ನುಂಗುವವರೆಗೂ ನಾನು ಅವಳ ಗಂಟಲನ್ನೇ ನೋಡುತ್ತಿದ್ದೆ. ಆಮೇಲೆ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತಿತ್ತು. ಸಾಕು ಅನ್ನಬೇಕು ಅಂತ ಪ್ರತಿದಿನ ಅಂದುಕೊಳ್ಳುತ್ತಿದ್ದೆ. ಬಾಯಿಗೆ ಬರುತ್ತಿರಲಿಲ್ಲ. ಅನ್ನದೆ ನಿನಗೆ ಏನಂತ ಬರೆಯಲಿ?

ಮಾತ್ರೆಯನ್ನು ಡಾಕ್ಟರು ಈಗ ಕಡಿಮೆ ಮಾಡಿದ್ದಾರೆ. ಚೂರ್ಣ ಸದ್ಯಕ್ಕೆ ಬೇಡ, ರಕ್ತ ಪರೀಕ್ಷೆಯೆಲ್ಲ ಒಂದು ಹದಕ್ಕೆ ಬರಲಿ, ಆಮೇಲೆ ಪಂಡಿತರನ್ನೂ ಕೇಳಿ ನೋಡೋಣ ಅಂದಿದ್ದಾರೆ. ಈಗ ಅವರೂ ಪಾದ ನೋಡುತ್ತಾರೆ. ನಾನೇ ಮೇಜಿನ ಮೇಲೆ ಎತ್ತಿ ಇಟ್ಟೆ.

ಇವತ್ತು ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿದೆ. ಅವಳು ಚಮಚ ಎತ್ತಿಕೊಂಡಳು. ನಾನು ಕೈ ಹಿಡಿದುಕೊಂಡೆ.

“ಸಾಕು ಕಣಮ್ಮ. ನಂಗೆ ನಿನ್ ಮೇಲೆ ಅನುಮಾನ ಇಲ್ಲ. ನನಗೋಸ್ಕರ ನೀನು ಹೀಗೆ ರುಚಿ ನೋಡಿ ತೋರಿಸ್ಬೇಡ.”

ಅವಳು ನನ್ನನ್ನು ನೋಡಿದಳು. ಅವಳ ಮುಖ ಕೆಂಪಗಾಯಿತು.

“ಅದಕ್ಕಲ್ಲ ಅತ್ತೆ” ಅಂದಳು.

“ಮತ್ತೆ?”

“ಕಹಿ ಇದೆಯಾ ಅಂತ ನೋಡ್ತೀನಿ. ನೀವೇ ಕದ್ದು ಮತ್ತೆ ಚೂರ್ಣ ಬೆರೆಸ್ಕೊಂಡಿದೀರೇನೋ ಅಂತ.”

ನನಗೆ ಸಿಟ್ಟು ಬರಬೇಕಿತ್ತು ಬನ್ನು. ಐದು ವಾರದಿಂದ ಅವಳು ನನ್ನ ಎದುರು ತಪ್ಪಿತಸ್ಥಳ ಹಾಗೆ ಕೂತಿದ್ದಾಳೆ ಅಂದುಕೊಂಡಿದ್ದರೆ, ಅವಳು ನನ್ನನ್ನು ಕಾವಲು ಕಾಯುತ್ತಿದ್ದಳು. ಅವಳ ಅನುಮಾನ ಸುಳ್ಳೂ ಅಲ್ಲ. ಒಂದು ಪೊಟ್ಟಣ ಇನ್ನೂ ನನ್ನ ಗುಂಡಿ ಡಬ್ಬಿಯ ತಳದಲ್ಲಿತ್ತು. ತಿಂದಿರಲಿಲ್ಲ, ಎಸೆದೂ ಇರಲಿಲ್ಲ. ಎದ್ದು ಹೋಗಿ ಅದನ್ನು ತಂದು ಅವಳ ಮುಂದೆ ಇಟ್ಟೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಇದೊಂದೇನಾ ಅನ್ನುವ ಹಾಗೆ. ಆಗ ನನಗೆ ನಗು ಬಂತು. ಎಷ್ಟೋ ದಿನದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ನಗಲಿಲ್ಲ.

ಗಂಜಿಯ ಬಟ್ಟಲನ್ನು ಅವಳ ಕಡೆ ತಳ್ಳಿದೆ. “ಇನ್ನೊಂದು ಚಮಚ ತಗೋ. ಸರಿಯಾಗಿ ನೋಡು” ಅಂದೆ.

ಅವಳು ತೆಗೆದುಕೊಂಡು ಸರಿಯಾಗಿಯೇ ನೋಡಿದಳು.

ನಿನ್ನ,
ಸೂಜಿ